ಚಹಾ ಇಲ್ಲದ ಪರೀಕ್ಷೆ

ನನ್ನ ಅಚ್ಚುಗಳನ್ನು ಅಣ್ಣ ಗುಜರಿಗೆಂದು ಬಾಗಿಲ ಬಳಿ ತಂದಿಟ್ಟಿದ್ದ. ಬೆಳಿಗ್ಗೆ ಶೆಡ್ಡಿಗೆ ಕಾಲಿಡುವಾಗಲೇ ಅವು ಕಣ್ಣಿಗೆ ಬಿದ್ದವು. ಮೈಯೆಲ್ಲ ಉರಿದುಹೋಯಿತು.

ಟರ್ಬೊ ಎಂಜಿನ್ನುಗಳಿಗೆ ಇಂಟರ್‌ಕೂಲರ್ ಮಾಡುವುದು ನಮ್ಮ ಮನೆಯ ಕಸುಬು. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಕುಡಿದ ಎಂಜಿನ್ ಏದುಸಿರು ಬಿಡುತ್ತದೆ. ನಡುವೆ ಕೂತು ಆ ಗಾಳಿಯನ್ನು ತಣಿಸುವುದು ನಮ್ಮ ಪೆಟ್ಟಿಗೆಯ ಕೆಲಸ. ಈ ಸಲ ಆಂಬುಲೆನ್ಸುಗಳಿಗೆ ಬೇಕಿತ್ತು. ಅಣ್ಣನದು ದಪ್ಪ ತಗಡು, ಪಟ್ಟಿಗಳನ್ನು ಪೇರಿಸಿ ಬೆಸೆದ ಭಾರದ ಪೆಟ್ಟಿಗೆ. ನನ್ನದು ತೆಳು ಕೊಳವೆಗಳ ನಡುವೆ ಶಾಖ ಬಿಡುವ ತಗಡಿನ ರೆಕ್ಕೆ ಕೂರಿಸಿದ ಹಗುರವಾದದ್ದು. ಯಾರ ಪೆಟ್ಟಿಗೆ ಗಾಳಿಯನ್ನು ಹೆಚ್ಚು ತಣಿಸುತ್ತದೆ ಎಂಬ ಪರೀಕ್ಷೆಯಲ್ಲಿ ಸೋತವರ ಅಚ್ಚು ಗುಜರಿಗೆ ಎಂದು ಮೊದಲೇ ಮಾತಾಗಿತ್ತು. ಅವು ಹೋದರೆ ನಾನು ಮತ್ತೆ ಫೋನ್ ಎತ್ತುವ ಕುರ್ಚಿಗೆ ಹೋಗಿ ಕೂರಬೇಕು.

ಪರೀಕ್ಷೆಯಲ್ಲಿ ಪ್ರತಿ ಸಲವೂ ಅಣ್ಣನದೇ ಗೆದ್ದಿತ್ತು. ಇನ್ನೊಮ್ಮೆ ನೋಡೋಣ ಅಂದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕುಬಿಟ್ಟ.

ನೆಲ ನಿಜವಾಗಿಯೂ ಡೊಂಕಾಗಿತ್ತು. ಅಪ್ಪನ ಕಾಲದಿಂದಲೂ ನಮ್ಮಲ್ಲಿ ಪರೀಕ್ಷೆಯ ಒಂದು ಸುತ್ತು ಮುಗಿದರೆ ಎಂಜಿನ್ ನಿಲ್ಲಿಸಿ ಎಲ್ಲರೂ ಚಹಾಕ್ಕೆ ಏಳುವ ರೂಢಿ. ದಪ್ಪ ಲೋಹ ಒಂದೇ ಸಲಕ್ಕೆ ಬಹಳ ಶಾಖ ನುಂಗುತ್ತದೆ, ಬಿಡುವುದು ಮಾತ್ರ ನಿಧಾನ. ನಾವು ಕುಡಿದು, ಹರಟಿ, ಲೋಟ ತೊಳೆದು ಬರುವಷ್ಟರಲ್ಲಿ ಅಣ್ಣನ ಪೆಟ್ಟಿಗೆ ತಣ್ಣಗಾಗಿ ಮುಂದಿನ ಸುತ್ತಿಗೆ ಸಿದ್ಧವಾಗಿರುತ್ತಿತ್ತು. ರೋಗಿಯನ್ನು ಹೊತ್ತ ಗಾಡಿ ಸಿಗ್ನಲ್ಲಿಂದ ಸಿಗ್ನಲ್ಲಿಗೆ ನುಗ್ಗುವಾಗ ಅದಕ್ಕೆ ಚಹಾದ ಬಿಡುವು ಕೊಡುವವರು ಯಾರು?

ಇದೇ ಕೊನೆಯ ಸಲ ಎಂದು ಅಣ್ಣ ಎಂಜಿನ್ ಚಾಲೂ ಮಾಡಿದ. ಅತ್ತಿಗೆ ಎಂದಿನಂತೆ ಕೆಟಲ್ ಹಿಡಿದು ಬಂದಾಗ ನಾನು ಎಂಜಿನ್ನಿನ ಸ್ವಿಚ್ಚಿಗೆ ಅಡ್ಡ ನಿಂತೆ.

"ಇವತ್ತು ಚಹಾ ಇಲ್ಲ. ಎಂಜಿನ್ ನಿಲ್ಲಿಸೋದೂ ಇಲ್ಲ."

"ಅಪ್ಪ ಹಾಕಿಕೊಟ್ಟ ಪದ್ಧತಿ ಮುರೀತೀಯಾ?" ಎಂದ ಅಣ್ಣ, ಮೂಲೆಯಲ್ಲಿ ಕೂತಿದ್ದ ಅಪ್ಪನ ಕಡೆ ತೋರಿಸಿ.

"ಮುರೀತೀನಿ."

ಅವನು ಗದರಿದ, ಹಂಗಿಸಿದ, ಕೊನೆಗೆ ಸಮಾಧಾನದ ಮಾತೂ ಆಡಿ ನೋಡಿದ. ನಾನು ಪಟ್ಟು ಬಿಡಲಿಲ್ಲ. ಅತ್ತಿಗೆ ಕೆಟಲನ್ನು ಒಳಗೆ ತೆಗೆದುಕೊಂಡು ಹೋದರು.

ಮೊದಲು ಅಣ್ಣನ ಪೆಟ್ಟಿಗೆ. ಎಂಜಿನ್ನಿನ ಆಕ್ಸಿಲರೇಟರನ್ನು ಒಮ್ಮೆ ಪೂರ್ತಿ ಒತ್ತಿದೆವು, ಸ್ವಲ್ಪ ಸಡಿಲಿಸಿ ಮತ್ತೆ ಒತ್ತಿದೆವು, ಹೀಗೇ ಬಿಡುವಿಲ್ಲದೆ. ಮೊದಲ ಸಲ ಹೊರಬಂದ ಗಾಳಿ ಎಂದಿನಂತೆ ತಂಪಾಗಿತ್ತು. ಆಮೇಲೆ ಶಾಖ ಅಳೆಯುವ ಮೀಟರಿನ ಮುಳ್ಳು ಏರುತ್ತಲೇ ಹೋಯಿತು, ಇಳಿಯಲಿಲ್ಲ. ನನ್ನದನ್ನು ಜೋಡಿಸಿ ಹಾಗೆಯೇ ಓಡಿಸಿದೆವು. ಮೊದಲ ಸಲ ಅದು ಹಿಂದೆಯೇ ಬಿತ್ತು. ಆದರೆ ಸಡಿಲಿಸಿದಾಗಲೆಲ್ಲ ಮುಳ್ಳು ಇಳಿಯಿತು, ಕೊನೆಯವರೆಗೂ ಮೊದಲ ಗುರುತನ್ನು ಹೆಚ್ಚು ದಾಟಲಿಲ್ಲ. ನನಗೆ ಕುಣಿಯಬೇಕೆನಿಸಿತು, ತಡೆದುಕೊಂಡೆ.

ಅಣ್ಣನ ಮೀಸೆ ಇನ್ನೂ ಮಣ್ಣಾಗಿರಲಿಲ್ಲ. ಯಂತ್ರಕ್ಕೂ ವಿಶ್ರಾಂತಿ ಬೇಕು, ಅದಕ್ಕೇ ಅಪ್ಪ ಹಾಗೆ ಮಾಡಿದ್ದು ಎಂದು ವಾದಿಸಿದ. ಮೂಲೆಯ ಸ್ಟೂಲಿನಲ್ಲಿ ಕೂತು ಎಲ್ಲ ನೋಡುತ್ತಿದ್ದ ಅಪ್ಪ ಆಗ ಬಾಯಿ ಬಿಟ್ಟರು.

"ಯಂತ್ರಕ್ಕೆ ಅಂತ ನಾನ್ಯಾವಾಗ ಹೇಳಿದೆ? ಚಹಾ ಬೇಕಾಗಿದ್ದು ನನಗೆ."

ಒಳಗಿಂದ ಅತ್ತಿಗೆಯ ನಗು ಕೇಳಿಸಿತು. ಅಣ್ಣ ಆಂಬುಲೆನ್ಸಿಗೆ ನಿನ್ನದನ್ನೇ ಕಳಿಸೋಣ ಎಂದು ಗೊಣಗಿದ. ಬಾಗಿಲ ಬಳಿಯಿದ್ದ ಅಚ್ಚುಗಳ ಕಡೆ ಕೈ ತೋರಿಸಿ, ಅವನ್ನು ಒಳಗೆ ತಗೋ ಎಂದ.

ಅವು ಮಣಭಾರ. ನಾನು ಅಪ್ಪನ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ.

"ಹೊರಗೆ ಹಾಕಿದ್ದು ನೀನು. ಒಳಗೆ ತಂದಿಡೋದೂ ನೀನೇ. ಅತ್ತಿಗೆ, ಈಗ ಚಹಾ ತನ್ನಿ."