ಸಾತವ್ವ ಹಚ್ಚಿದ ಮಶೇರಿ

ಮನುಷ್ಯರ ಪಾಪ ಎಲ್ಲೆಲ್ಲಿ ಅಡಗಿ ಕೂತಿರುತ್ತದೋ ಆ ಶಿವನೇ ಬಲ್ಲ. ಖಾನಾಪುರದ ಸಾತವ್ವನ ಪಾಪ ಮಾತ್ರ ಅವಳ ಬಾಯಲ್ಲೇ ಇತ್ತು, ಒಂದೂ ಅಲುಗದ ಹಲ್ಲುಗಳಾಗಿ. ಎಪ್ಪತ್ತರ ಹತ್ತಿರ ಬಂದರೂ ಹುರಿದ ಕಡಲೆಯನ್ನು ಕಟಕಟ ಕಡಿಯುವ ಹೆಂಗಸು. ಮೊದಲೆಲ್ಲ ಅದು ದೇವರು ಕೊಟ್ಟ ಭಾಗ್ಯ ಅನಿಸುತ್ತಿತ್ತು. ಈಗೀಗ ನೆಗೆಣ್ಣಿ ಕಾಶವ್ವನ ಜೋಡಿ ಉಣ್ಣಲು ಕೂತಾಗ ತಾನೂ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಹಲ್ಲಿಲ್ಲದವಳ ಹಾಗೆ ಮೆಲ್ಲಗೆ ನುಂಗುತ್ತಿದ್ದಳು.

ಕಾಶವ್ವ ಅವಳ ಮೈದುನನ ಹೆಂಡತಿ. ಒಂದೇ ಮನೆಗೆ ಸೊಸೆಯರಾಗಿ ಬಂದವರು; ಗಂಡಂದಿರು ಶಿವನ ಪಾದ ಸೇರಿದ ಮೇಲೂ ಒಲೆ ಒಂದೇ ಉಳಿಸಿಕೊಂಡವರು. ಕಾಶವ್ವನದು ತುಂಬು ದನಿ. ಸೋಮವಾರ ಮಠದ ಭಜನೆಯಲ್ಲಿ ಅವಳು ಎತ್ತಿಕೊಟ್ಟರೇ ಉಳಿದವರ ಬಾಯಿ ತೆರೆಯುವುದು. ಅಂಥವಳ ಕೆಳದವಡೆಯ ಹಲ್ಲೆಲ್ಲ ಒಂದೊಂದಾಗಿ ಸಡಿಲಾಗಿ ಉದುರಿದವು. ತೆಗೆದಿಡುವ ಹಲ್ಲಿನ ಸೆಟ್ಟು ಮಾಡಿಸಿದ್ದಾಯಿತು. ಒಂದು ಸೋಮವಾರ ಅವಳು ದನಿ ಏರಿಸಿದ್ದೇ ತಡ, ಸೆಟ್ಟು ಜಾರಿ ಕೈಯಲ್ಲಿದ್ದ ತಾಳದ ಮೇಲೆ ಠಣ್ ಎಂದು ಬಿತ್ತು.

“ಕಾಶವ್ವಾ, ನಿನ್ನ ಹಲ್ಲೂ ತಾಳ ಹಾಕಾಕ ಕಲತಾವಲ್ಲ,” ಎಂದ ಹಾರ್ಮೋನಿಯಂ ಪೇಟಿ ಬಾರಿಸುವ ಗುರುಪುತ್ರಪ್ಪ.

ಎಲ್ಲರೂ ನಕ್ಕರು. ಕಾಶವ್ವನೂ ನಕ್ಕಳು. ಮರುಸೋಮವಾರ ಮಾತ್ರ ಮಠಕ್ಕೆ ಹೋಗಲಿಲ್ಲ. ಆಮೇಲೂ ಹೋಗಲಿಲ್ಲ. ಮನೆಯಲ್ಲಿ ಕೂಡ ಹಾಡು ನಿಂತುಹೋಯಿತು. ಕಡೆಗೆ ಅವಳ ಮಗ ಗೌರೀಶ ಹೇಳಿದ: “ಎವ್ವಾ, ಬೆಳಗಾವ್ಯಾಗ ದವಡಿ ಎಲುಬಿಗೇ ಸ್ಕ್ರೂ ಕೂಡ್ರಿಸಿ ಖಾಯಂ ಹಲ್ಲು ಹಾಕ್ತಾರ. ಇಂಪ್ಲಾಂಟ ಅಂತಾರ. ಜಾರೂದಿಲ್ಲ, ಬೀಳೂದಿಲ್ಲ. ದೊಡ್ಡವ್ವನ್ನ ಕರಕೊಂಡು ಹೋಗಿ ತೋರಿಸ್ಕೊಂಡು ಬಾ.”

ಹಾಗೆ ಇಬ್ಬರೂ ಬೆಳಗಾವಿಯ ಖಾಸಬಾಗದ ಹಲ್ಲಿನ ದವಾಖಾನೆಗೆ ಬಂದರು. ಡಾಕ್ಟರು ಪೂರ್ಣಿಮಾ ಮಂಡ್ಯದ ಕಡೆಯವಳು, ಬೆಳಗಾವಿಗೆ ಹೊಸಬಳು. ಕಾಶವ್ವನ ಬಾಯಿಗೆ ದೀಪ ಹಿಡಿದು ನೋಡಿದಳು.

“ಎಲ್ರಿಗೂ ಇದು ಆಗಿಬರಲ್ಲ ಅಮ್ಮ. ನಿಮಗೆ ಸರಿಹೋಗುತ್ತಾ ಅಂತ ಮೊದ್ಲು ನೋಡ್ಬೇಕು. ಸಕ್ಕರೆ ಕಾಯಿಲೆ ಇದ್ಯಾ?”

“ಇಲ್ರೀ. ಸಕ್ರಿ ಚಾದಾಗಷ್ಟ ಐತಿ.”

“ಮೂಳೆಗೆ ಅಂತ ಇಂಜೆಕ್ಷನ್, ಮಾತ್ರೆ ತಗೋತಿದ್ದೀರಾ?”

“ಇಲ್ರೀ.”

“ತಂಬಾಕು?”

“ಶಿವಶಿವಾ. ಲಿಂಗ ಕಟ್ಟಿದ ಮೈ ಐತಿ ಇದು. ಅಂಥಾದ್ದನ್ನ ಮೂಸಿ ಸೈತ ನೋಡಿಲ್ರೀ.”

ಕಾಶವ್ವ ಸುಳ್ಳು ಹೇಳಲಿಲ್ಲ. ಅವರ ಓಣಿಯ ಹೆಂಗಸರ ಲೆಕ್ಕದಲ್ಲಿ ತಂಬಾಕು ಎಂದರೆ ಗಂಡಸರು ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ, ತಿಂದು, ಗೋಡೆಗೆ ಉಗುಳುವುದು. ಮಶೇರಿ ಬೇರೆ. ಮಶೇರಿ ಹಲ್ಲಿಗೆ ಹಚ್ಚುವ ಕರಿ ಪುಡಿ. ಬೆಳಿಗ್ಗೆ ಬಚ್ಚಲಲ್ಲಿ ಕೂತು ಬೆರಳಿಂದ ತಿಕ್ಕಿ, ಬಾಯಿ ಮುಕ್ಕಳಿಸಿ, ಜಳಕ ಮಾಡಿ, ಆಮೇಲೆ ಲಿಂಗಪೂಜೆಗೆ ಕೂತರಾಯಿತು. ಅದನ್ನು ಯಾರೂ ಚಟ ಅನ್ನುವುದಿಲ್ಲ.

ಆದರೆ ಸಂತೆಯಿಂದ ತಂಬಾಕಿನ ಎಲೆ ತರುತ್ತಿದ್ದವಳು ಸಾತವ್ವ. ಹೆಂಚಿನ ಮೇಲೆ ಅದನ್ನು ಕರ್ರಗೆ ಹುರಿದು, ಕುಟ್ಟಿ, ಇಬ್ಬರಿಗೂ ಆಗುವಷ್ಟು ಡಬ್ಬಿ ತುಂಬುತ್ತಿದ್ದವಳೂ ಅವಳೇ.

ಡಾಕ್ಟರು ತಿಳಿಸಿ ಹೇಳುತ್ತಿದ್ದಳು: “ಮೂಳೆ ಆ ಸ್ಕ್ರೂನ ಅಪ್ಪಿ ಹಿಡ್ಕೋಬೇಕು. ತಂಬಾಕು ಇಡೋ ಬಾಯಲ್ಲಿ ಒಸಡಿಗೆ ರಕ್ತ ಸರಿಯಾಗಿ ಹರಿಯಲ್ಲ, ಗಾಯ ಮಾಯಲ್ಲ. ಹಲ್ಲಿನ ಬುಡದ ಮೂಳೆನೂ ಸವೆಯುತ್ತೆ. ಇರೋ ಹಲ್ಲೇ ಅಲ್ಲಾಡಿ ಬೀಳ್ತವೆ, ಇನ್ನು ಹೊಸದು ನಿಲ್ಲುತ್ತಾ?” ಆಮೇಲೆ ಸಾತವ್ವನ ಕಡೆ ತಿರುಗಿದಳು. “ಏನಜ್ಜಿ, ಜೊತೇಲಿರೋರಿಗೆ ಎಲ್ಲಾ ಗೊತ್ತಿರುತ್ತೆ. ಅಂಥದ್ದೇನೂ ಇಲ್ವಲ್ಲ?”

ಸಾತವ್ವನ ಕಣ್ಣಿಗೆ ಬೇರೆಯೇ ಒಂದು ಚಿತ್ರ ಕಂಡಿತು. ಹೊಸ ಸೊಸೆಯಾಗಿ ಬಂದ ಕಾಶವ್ವ, ಹಲ್ಲುಬೇನೆಗೆ ಗಲ್ಲ ಹಿಡಿದುಕೊಂಡು ಹಿತ್ತಲಲ್ಲಿ ಅಳುತ್ತಿರುವ ಹುಡುಗಿ. “ಬಾಯಿ ತಗಿ, ಹಲ್ಲು ಗಟ್ಟಿ ಆಗ್ತಾವು,” ಎಂದು ತಾನೇ ಅವಳ ಗದ್ದ ಹಿಡಿದು ಎತ್ತಿ ಮಶೇರಿ ಹಚ್ಚಿದ್ದು. ಹುಡುಗಿ ತಲೆ ತಿರುಗಿ ಬಿದ್ದದ್ದು, ತಾನು ನಕ್ಕದ್ದು. ಮರುದಿನ ಅವಳೇ ಬಂದು ಕೇಳಿದ್ದು.

“ಏನೂ ಇಲ್ರೀ,” ಎಂದಳು ಸಾತವ್ವ.

ಸ್ಕ್ಯಾನ್ ಆಯಿತು, ರಕ್ತ ಕೊಟ್ಟದ್ದಾಯಿತು. ಮುಂದಿನ ವಾರ ಬರ್ರಿ ಅಂದರು.

ಆ ವಾರ ಸಾತವ್ವನಿಗೆ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ದೃಷ್ಟಿ ನೆಟ್ಟರೆ, ಕಣ್ಣು ಜಾರಿ ವಿಭೂತಿ ಹಿಡಿದ ಬಲಗೈಯ ತೋರುಬೆರಳಿಗೆ ಹೋಗುತ್ತಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಹೇಳಿದರೆ ಕಾಶಿಗೆ ಹಲ್ಲು ತಪ್ಪುತ್ತವೆ. ಹೇಳದಿದ್ದರೆ ಅವಳ ದವಡೆ ಕೊರೆದು ಕೂಡ್ರಿಸಿದ್ದು ಮತ್ತೆ ಕಳಚುತ್ತದೆ. ಹೇಳಿದರೆ ಇನ್ನೊಂದೂ ಬಯಲಾಗುತ್ತದೆ, ಈ ಹಲ್ಲು ತಿಂದವರು ಯಾರು ಎನ್ನುವುದು. ತನ್ನ ಬಾಯಿ ಕಟ್ಟಿದ್ದು ಈ ಕೊನೆಯ ಭಯವೇ ಎಂದು ಲಿಂಗದ ಮುಂದೆ ಕೂತಾಗ ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಒಂದು ಉಪಾಯ ಮಾಡಿ ನೋಡಿದಳು. “ಸಂತ್ಯಾಗ ಎಲಿ ಸಿಗಲಿಲ್ಲವಾ,” ಎಂದು ಡಬ್ಬಿ ಬರಿದು ಮಾಡಿಟ್ಟಳು.

“ತಂಬಾಕಿನ ಎಲಿ ಸಿಗದಂಥ ಸಂತಿ ಯಾವ ಲೋಕದಾಗ ಐತಿ, ಅಕ್ಕಾ?” ಎಂದು ಕಾಶವ್ವ ಬಾಜು ಮನೆಯ ಭೀಮಕ್ಕನ ಹತ್ತಿರ ಇಸಕೊಂಡು ಬಂದಳು. ಹಲ್ಲಿಲ್ಲದ ಒಸಡಿಗೇ ತಿಕ್ಕಿಕೊಂಡು, ಎಷ್ಟೋ ದಿನಗಳ ಮೇಲೆ ಹಾಡೊಂದನ್ನು ಮೂಗಿನಲ್ಲೇ ಗುನುಗಿದಳು. ಸಾತವ್ವ ಹಿತ್ತಲಿಗೆ ಎದ್ದು ಹೋದಳು.

ವಾರ ಕಳೆದು ಮತ್ತೆ ಖಾಸಬಾಗ. ಡಾಕ್ಟರು ದವಡೆಯ ಚಿತ್ರವನ್ನು ಪರದೆಯ ಮೇಲೆ ತೋರಿಸಿದಳು.

“ಮೂಳೆ ಸವೆದಿದೆ. ಆದ್ರೂ ಮುಂದುಗಡೆ ಹಿಡಿಯೋಷ್ಟಿದೆ. ಸಕ್ಕರೆ ಇಲ್ಲ. ಆದ್ರೆ ಈ ತುಟಿ ಒಳಗಿನ ಒಸಡು ಯಾಕೆ ಹೀಗೆ ಬೆಂದ ಹಾಗಿದೆ ಅಂತಾನೇ ಗೊತ್ತಾಗ್ತಿಲ್ಲ. ಇರಲಿ, ಔಷಧಿ ಕೊಡ್ತೀನಿ. ಬರೋ ವಾರ ಕೂರಿಸೋಣ.”

ಕಾಶವ್ವ ಕುರ್ಚಿಯಿಂದಲೇ ಕೈ ಮುಗಿದಳು. “ನಿಮ್ಮ ಹೊಟ್ಟಿ ತಣ್ಣಗಿರಲಿ, ತಾಯಿ.” ಅವಳ ಮುಖ ಅರಳಿದ್ದನ್ನು ಸಾತವ್ವ ನೋಡಿದಳು. ಆ ಮುಖ ನೋಡಿಯೇ ಅವಳಿಗೆ ಇನ್ನು ತಡೆಯಲಾಗಲಿಲ್ಲ.

“ಆಕಿ ಮಶೇರಿ ಹಚ್ಚತಾಳ್ರೀ.”

“ಏನದು?”

“ತಂಬಾಕ ಸುಟ್ಟ ಪುಡಿ. ದಿನಾ ಮುಂಜಾನೆ, ಸಂಜಿಕೂ. ಹಚ್ಚಾಕ ಕಲಿಸಿದಾಕಿ ನಾನ. ಮೊನ್ನಿತನಕ ಹುರದು ಕೊಟ್ಟಾಕಿನೂ ನಾನ.”

ಡಾಕ್ಟರು ಚಿತ್ರ ಆರಿಸಿದಳು. ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಸಾತವ್ವನಿಗೆ ಹಗುರಾಗುತ್ತಿತ್ತು.

“ಹಾಗಾದ್ರೆ ಈಗ ಬೇಡ. ಈಗ ಕೂರಿಸಿದ್ರೆ ಕಳಚಿ ಬರೋ ಭಯ ಜಾಸ್ತಿ, ಇರೋ ಮೂಳೆನೂ ಹೋಗುತ್ತೆ. ಅದನ್ನ ಪೂರ್ತಿ ಬಿಟ್ಟು ಕೆಲವು ತಿಂಗಳು ಆಗಲಿ. ಒಸಡು ಮಾಯ್ದರೆ ಮತ್ತೆ ನೋಡೋಣ. ಆಗಲೂ ಆಗೇ ಆಗುತ್ತೆ ಅಂತ ಮಾತು ಕೊಡಲ್ಲ.”

ಬಸ್ಸಿನಲ್ಲಿ ಕಾಶವ್ವ ಕಿಟಕಿಗೆ ಮುಖ ಮಾಡಿ ಕೂತಳು. ಪೀರನವಾಡಿ ದಾಟಿತು, ಮಚ್ಛೆ ದಾಟಿತು.

“ಕಾಶೀ, ನನ್ನ ಪಾಪಕ್ಕ ನಿನ್ನ ಬಾಯಿ—”

“ಸುಮ್ಮಿರಕ್ಕಾ. ಹಚ್ಚಿದ್ದಕ್ಕ ನನಗ ಸಿಟ್ಟಿಲ್ಲ. ಆವಾಗ ನಿನಗರೆ ಏನ ಗೊತ್ತಿತ್ತು.” ತಿರುಗದೆಯೇ ಅಂದಳು: “ಹೋದ ವಾರ ಆಕಿ ಕೇಳಿದಾಗ ಗೊತ್ತಿತ್ತಲ್ಲ? ಗೊತ್ತಿದ್ದೂ ಏನೂ ಇಲ್ರೀ ಅಂದಿ. ನಾ ಒಂದು ವಾರ ಹಲ್ಲಿನ ಕನಸ ಕಂಡೆ.”

ಊರು ಬರುವವರೆಗೂ ಸಾತವ್ವ ಸೆರಗಿನ ತುದಿಯನ್ನು ಕಚ್ಚಿ ಹಿಡಿದಿದ್ದಳು.

ಮನೆಗೆ ಬಂದವಳೇ ಕಾಶವ್ವ ಇಸಕೊಂಡು ತಂದಿದ್ದ ಪುಡಿಯನ್ನೆಲ್ಲ ತಿಪ್ಪೆಗೆ ಸುರಿದಳು. ಭೀಮಕ್ಕನಿಗೂ ಹೇಳಿ ಬಂದಳು, ಕಾಶಿ ಕೇಳಿದರೆ ಕೊಡಬೇಡ ಎಂದು. ತಾನೂ ಬಿಟ್ಟಳು. ತಲೆ ಸಿಡಿಯುತ್ತಿತ್ತು. ಆದರೆ ಅವಳ ಸಂಕಟ ಬೇಕಾಗಿದ್ದದ್ದು ಯಾರಿಗೆ? ಅವಳ ಹಲ್ಲುಗಳು ಹಾಗೇ ಗಟ್ಟಿಯಾಗಿದ್ದವು.

ಮುಂಜಾನೆ ಕಾಶವ್ವ ಬಚ್ಚಲ ಕಟ್ಟೆಯ ಮೇಲೆ ಕೂತು ಕೈ ಚಾಚಿದಳು.

“ತಾ ಇಲ್ಲೆ. ಒಂದ ಬೆರಳು.”

“ಇಲ್ಲವಾ.”

“ಕೊಟ್ಟಾಕಿನೂ ನೀನ, ಕಸಗೊಂಡಾಕಿನೂ ನೀನ. ದೇವರೇನ ನೀನು?”

“ಬೈ. ಬೈದರ ಬೈಸ್ಕೋತೀನಿ.”

ಕಾಶವ್ವ ಬೈದಳು. ಅತ್ತೆಯ ಕಾಲದಿಂದ ಕೂಡಿಟ್ಟದ್ದನ್ನೆಲ್ಲ ತೆಗೆದು ಬೈದಳು. ಗೌರೀಶ ಹೊರಗೆ ಬಂದು ನೋಡಿ ಒಳಗೆ ಹೋದ. ಸಾತವ್ವ ಎದುರಿಗೇ ನಿಂತು, ತಂಬಿಗೆಯಲ್ಲಿ ಬಿಸಿನೀರು ಹಿಡಿದು, ಪ್ರಸಾದಕ್ಕೆ ನಿಂತವಳ ಹಾಗೆ ಎಲ್ಲವನ್ನೂ ಕೇಳಿಸಿಕೊಂಡಳು. ಬೈದು ಬೈದು ದಣಿದ ಕಾಶವ್ವ ತಂಬಿಗೆ ಇಸಕೊಂಡು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು.

“ನಾಳಿಗೂ ಕೇಳತೀನಿ,” ಎಂದಳು.

“ಕೇಳು.”

“ಕೊಡಬ್ಯಾಡ.”