ನಾಲ್ಕನೆಯ ನಟ್ಟು

ಸಿಗರೇಟು ಹಚ್ಚೋಣವೆಂದು ಬೆಂಕಿಪೊಟ್ಟಣಕ್ಕಾಗಿ ಅಂಗಿಯ ಜೇಬು ತಡಕಿದಾಗ ಕಿಯೋಜಿಯ ಬೆರಳಿಗೆ ಒಂದು ನಟ್ಟು ತಗಲಿತು.

ಹೊರತೆಗೆದು ನೋಡಿದ. ಹೊಸದು. ಎಣ್ಣೆ ಸವರಿದ್ದು. ಮೇಲೆ ಕೆಂಪು ಚುಕ್ಕೆ ಇರಲಿಲ್ಲ.

ಅವನ ಕೈಯ ಸಿಗರೇಟು ನೆಲಕ್ಕೆ ಬಿತ್ತು. ಬಿಗಿ ಮಾಡಿದ ಪ್ರತಿ ನಟ್ಟಿಗೂ ಅವನು ಕೆಂಪು ಬಣ್ಣದ ಚುಕ್ಕೆ ಇಡುತ್ತಿದ್ದ. ಚುಕ್ಕೆ ಇಲ್ಲವೆಂದರೆ ಬಿಗಿಯಾಗಿಲ್ಲ ಎಂದೇ ಅರ್ಥ. ಬೆಳಿಗ್ಗೆ ಏಳಕ್ಕೆ ವ್ಯಾನಿನ ಕೆಳಗೆ ಅಂಗಾತ ಮಲಗಿ, ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿಗೆ ನಟ್ಟು ಹಾಕುತ್ತಿದ್ದ. ನಾಲ್ಕು ಬೋಲ್ಟು. ಮೂರಾಗಿತ್ತು. ಅಷ್ಟರಲ್ಲಿ ಗ್ಯಾರೇಜಿನ ಯಜಮಾನ ಓಗಾತಾ ಕೂಗಿದ್ದ: 'ಕಿಯೋಜಿ, ಬಾರಯ್ಯ ಹೊರಗೆ! ಫೋಟೋದವನು ಬಂದಿದಾನೆ, ಮುಖ ಒರಸ್ಕೋ!' ನಾಲ್ಕನೆಯದನ್ನು ಜೇಬಿಗೆ ಹಾಕಿಕೊಂಡು ಹೊರಬಂದಿದ್ದ. ಫೋಟೋ ತೆಗೆಸಿಕೊಂಡದ್ದೂ ಆಯಿತು, ಹಲ್ಲು ಕಿರಿದದ್ದೂ ಆಯಿತು. ಮತ್ತೆ ಕೆಳಗೆ ಹೋಗಿದ್ದನೇ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೆನಪಾಗುವುದೇನು ಬಂತು, ನಟ್ಟು ಅಂಗೈಯಲ್ಲೇ ಇತ್ತಲ್ಲ.

ಗೋಡೆಯ ಗಡಿಯಾರ ಒಂಬತ್ತೂವರೆ ತೋರಿಸುತ್ತಿತ್ತು. ವ್ಯಾನು ಎಂಟಕ್ಕೇ ಗಸ್ಸಾನ್ ಬೆಟ್ಟದ ದಾರಿ ಹಿಡಿದಿತ್ತು. ಓಡಿಸುತ್ತಿದ್ದವನು ಅವನ ಹೆಂಡತಿ ಫುಸಾಳ ತಮ್ಮ, ಮಿನೋರು.

ಮಿನೋರು ವಿದ್ಯುತ್ ಕಂಪನಿಯ ಲೈನ್‌ಮ್ಯಾನ್. ಹಿಮ ಬಿದ್ದು ತಂತಿ ಹರಿದಾಗಲೆಲ್ಲ ಕ್ಯಾನ್‌ವಾಸ್ ಹೊದಿಕೆಯ ಜೀಪಿನಲ್ಲಿ ಬೆಟ್ಟ ಹತ್ತುತ್ತಿದ್ದ. ಜೀಪು ಹತ್ತುತ್ತಿತ್ತು ನಿಜ, ಆದರೆ ಒಳಗೆ ಕೂತವರು ಮೀನಿನಂತೆ ಹೆಪ್ಪುಗಟ್ಟುತ್ತಿದ್ದರು. ಮರಗಟ್ಟಿದ ಬೆರಳಿನಲ್ಲಿ ಕಂಬ ಹತ್ತಿ ಹೋದ ವರ್ಷ ಮಿನೋರು ಹದಿನೈದು ಅಡಿ ಮೇಲಿಂದ ಜಾರಿದ್ದ. ಕೆಳಗೆ ಹಿಮದ ರಾಶಿ ಇದ್ದದ್ದಕ್ಕೆ ಬದುಕಿದ. ಆವತ್ತು ಫುಸಾ ಗಂಡನ ಮುಂದೆ ಕೂತು ಹೇಳಿದ್ದಳು: 'ದಿನಾ ಕಾರು ಕಾರು ಅಂತ ಸಾಯ್ತೀಯಲ್ಲ, ನನ್ನ ತಮ್ಮನಿಗೆ ಬೆಚ್ಚಗೆ ಕೂತು ಹೋಗೋ ಅಂಥದ್ದೊಂದು ಮಾಡಿಕೊಡಕ್ಕಾಗಲ್ವಾ ನಿನಗೆ?'

ಮಾಡಿದ. ಸುಬಾರು ವ್ಯಾನಿನ ಎಂಜಿನ್ನು ಎದ್ದು ನಿಲ್ಲುವುದಿಲ್ಲ, ಎರಡೂ ಕಡೆಗೆ ಕೈ ಚಾಚಿ ಮಲಗಿರುತ್ತದೆ. ಅದರ ಹಿಂದೆಯೇ ಗೇರಿನ ಪೆಟ್ಟಿಗೆ, ಎಲ್ಲ ನೇರ ಸಾಲು. ಎಳೆಯುವುದು ಮುಂದಿನ ಚಕ್ರಗಳು ಮಾತ್ರ. ಆ ಸಾಲನ್ನು ಹಿಂದಕ್ಕೆ ಇನ್ನಷ್ಟು ಬೆಳೆಸಿದರೆ ಹಿಂದಿನ ಚಕ್ರಗಳೂ ತಳ್ಳುತ್ತವಲ್ಲ ಎಂದು ಕಿಯೋಜಿಗೆ ಹೊಳೆಯಿತು. ಗುಜರಿಯಿಂದ ಬೇರೆ ಯಾವುದೋ ಕಾರಿನ ಹಿಂದಿನ ಅಚ್ಚು ತಂದ. ಮೊದಲ ಸಲ ಜೋಡಿಸಿ ಗೇರು ಹಾಕಿದಾಗ ಮುಂದಿನ ಚಕ್ರಗಳು ಮುಂದಕ್ಕೂ ಹಿಂದಿನವು ಹಿಂದಕ್ಕೂ ತಿರುಗಿ ವ್ಯಾನು ನಿಂತಲ್ಲೇ ನಡುಗಿತ್ತು. 'ಗಂಡ ಹೆಂಡತಿ ಜಗಳ ಕಣಯ್ಯ ಇದು' ಎಂದು ಓಗಾತಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಚ್ಚಿನ ಹಲ್ಲುಚಕ್ರವನ್ನು ಮಗುಚಿ ಕೂರಿಸಿ ಅದನ್ನೂ ಸರಿ ಮಾಡಿದ್ದಾಯಿತು. ಇವತ್ತು ಕಂಪನಿಯ ಮೇಸ್ತ್ರಿ ಆಬಿಕೊನ ಎದುರಿಗೆ ಅದು ಜೀಪಿನ ಜೊತೆ ಬೆಟ್ಟದ ಕೊನೆಯ ಕಂಬದವರೆಗೆ ಹತ್ತಿ ಇಳಿಯಬೇಕಿತ್ತು.

ಹತ್ತುವುದರ ಬಗ್ಗೆ ಕಿಯೋಜಿಗೆ ಹೆದರಿಕೆ ಇರಲಿಲ್ಲ. ಇಳಿಯುವಾಗ ಕಣಿವೆಯ ಅಂಚಿನಲ್ಲಿ ಒಂದು ತಿರುವಿದೆ. ಅಲ್ಲಿ ಶಾಫ್ಟು ಕಳಚಿ ತುದಿ ನೆಲಕ್ಕೆ ಕುಟ್ಟಿದರೆ ವ್ಯಾನು ಕೋಲೂರಿದಂತೆ ಎಗರುತ್ತದೆ. ಎಗರಿ ಬೀಳುವುದು ಹೊಳೆಗೇ.

ಟೆಲಿಫೋನಿನ ಮೇಲೆ ಬಿದ್ದ. ಬೆಟ್ಟದ ಬುಡದ ಚಹಾದಂಗಡಿಯಲ್ಲಿ ಒಂದು ಫೋನಿತ್ತು. ಅಂಗಡಿಯ ಅಜ್ಜಿ ಎತ್ತಿದಳು.

'ಅಜ್ಜಿ, ವಿದ್ಯುತ್ ಕಂಪನಿಯವರು ಅಲ್ಲಿದಾರಾ? ಜೀಪು, ಒಂದು ಬಿಳೀ ವ್ಯಾನು?'

'ಇದ್ರಪ್ಪ. ಬಿಸಿ ಸೂಪು ಕುಡಿದು ಈಗ ಕಾಲು ಗಂಟೆ ಆಯ್ತು, ಹೊರಟ್ರು. ಆ ವ್ಯಾನು ಓಡಿಸೋ ಹುಡುಗ ಮೂರು ಬಟ್ಟಲು ಕುಡಿದ ನೋಡು.'

ಫೋನು ಕೆಳಗಿಡುವಾಗ ಓಗಾತಾ ಬಾಗಿಲಲ್ಲಿ ನಿಂತಿದ್ದ. ಕಿಯೋಜಿ ಅಂಗೈ ಚಾಚಿ ತೋರಿಸಿದ. 'ಶಾಫ್ಟಿಂದು. ನಾಲ್ಕನೇದು.'

'ನಿನ್ನ ಜೇಬಲ್ಲಿ ಯಾವತ್ತು ನಟ್ಟು ಇರಲ್ಲ ಹೇಳು? ನಿನ್ನ ಹೆಂಡ್ತಿ ಬಟ್ಟೆ ಒಗೆದ್ರೆ ಬಕೆಟ್ಟಿನ ತಳದಲ್ಲಿ ಒಂದು ಕಾರು ಸಿಗುತ್ತೆ.'

'ತಮಾಷೆ ಬೇಡಿ ಯಜಮಾನ್ರೇ. ನಾನು ಹೋಗ್ತೀನಿ.'

'ಹೋಗಿ? ಎಲ್ಲರ ಎದುರಿಗೆ ವ್ಯಾನು ನಿಲ್ಲಿಸಿ, ಸ್ವಾಮೀ ನಟ್ಟು ಮರೆತಿದ್ದೆ ಅಂತೀಯಾ? ಆ ಆಬಿಕೊ ಆವತ್ತಿಂದ ಏನು ಹೇಳ್ತಿದಾನೆ? ಬೀದೀಲಿ ಓಡೋ ಕಾರಿಗೆ ಬೆಟ್ಟ ಯಾಕೆ ಅಂತ. ಅವನ ಬಾಯಿಗೆ ನೀನೇ ಅನ್ನ ಇಡು. ಮೂರು ನಟ್ಟು ಇದೆಯಲ್ಲ, ತಡೆಯುತ್ತೆ!'

'ತಡೆಯುತ್ತೆ' ಎಂಬ ಮಾತಿಗೆ ಕಿಯೋಜಿಯ ಕಿವಿ ಬಿಸಿಯಾಯಿತು. ಅದೇ ಮಾತನ್ನು ಅವನು ಹಿಂದೊಮ್ಮೆ ಕೇಳಿದ್ದ.

ಆಗ ಅವನಿಗೆ ಹದಿನೈದು. ಯುದ್ಧದ ಕೊನೆಯ ಚಳಿಗಾಲ. ಶಾಲೆ ಮುಚ್ಚಿ ಮಕ್ಕಳನ್ನೆಲ್ಲ ಓತಾ ಊರಿನ ವಿಮಾನದ ಕಾರ್ಖಾನೆಗೆ ಹೊಡೆದುಕೊಂಡು ಹೋಗಿದ್ದರು. ಒಂದು ಸಂಜೆ ಅವನ ನಟ್ಟು ಬೋಲ್ಟಿನ ತಟ್ಟೆಯಲ್ಲಿ ಒಂದು ನಟ್ಟು ಉಳಿಯಿತು. ಎಲ್ಲಿಯದೆಂದು ಗೊತ್ತಾಗಲಿಲ್ಲ. ಮೇಸ್ತ್ರಿ ಅದನ್ನು ಕಿಟಕಿಯಿಂದಾಚೆ ಎಸೆದು 'ತಡೆಯುತ್ತೆ ಬಿಡೋ' ಎಂದ. ಬೆಳಿಗ್ಗೆ ವಿಮಾನ ಹಾರಿಹೋಯಿತು. ಅದರಲ್ಲಿ ಕೂತವನಿಗೆ ಕಿಯೋಜಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ಅಷ್ಟೆ. ಮುಂದೇನಾಯಿತೋ ಯಾರೂ ಹೇಳಲಿಲ್ಲ. ಯುದ್ಧ ಮುಗಿದ ಮೇಲೆ, ಇನ್ನು ವಿಮಾನ ಮಾಡಕೂಡದೆಂದು ಗೆದ್ದವರು ಕಾರ್ಖಾನೆಯನ್ನು ಸಣ್ಣ ಸಣ್ಣ ಕಂಪನಿಗಳಾಗಿ ಚೂರು ಮಾಡಿದರು. ವಿಮಾನ ಮಾಡಿದ ಅದೇ ಕೈಗಳು ಉಳಿದ ಬಾಂಬರುಗಳ ಬಾಲದ ಚಕ್ರ ತೆಗೆದು ಸ್ಕೂಟರಿಗೆ ಹಾಕಿದವು. ಚೂರಾದ ಐದು ಕಂಪನಿಗಳು ಮತ್ತೆ ಕೂಡಿ ಒಂದಾಗಿ ಕಾರು ಮಾಡಿದವು. ಸುಬಾರು ಎಂದರೆ ಆಕಾಶದ ಕೃತ್ತಿಕೆ, ಒಟ್ಟುಗೂಡಿದ ನಕ್ಷತ್ರಗಳು. ಕಾರಿನ ಮೂತಿಯ ಮೇಲೆ ಆರು ಚುಕ್ಕಿ, ಕೂಡಿದ ಐದು, ಕೂಡಿ ಆದದ್ದು ಒಂದು. ಕಿಯೋಜಿ ಆ ಆರನ್ನೂ ಹಾದುಹೋದಾಗಲೆಲ್ಲ ಎಣಿಸುತ್ತಿದ್ದ. ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸುತ್ತಿದ್ದ. ಗ್ಯಾರೇಜಿನವರು ಅವನನ್ನು 'ಎಣಿಕೆ ಕಿಯೋಜಿ' ಎಂದೇ ಕರೆಯುತ್ತಿದ್ದರು.

'ನಿಮ್ಮ ತಡೆಯೋದಕ್ಕೆ ಬೆಂಕಿ ಹಾಕ' ಎಂದು ಸ್ಪ್ಯಾನರು ಎತ್ತಿಕೊಂಡ.

'ಹೋದ್ರೆ ವಾಪಸ್ ಬರಬೇಡ!' ಎಂದು ಓಗಾತಾ ಕಿರುಚಿದ್ದು ಹಿಂದೆ ಉಳಿಯಿತು.

ಕಿಯೋಜಿಯದೊಂದು ಹಳೆಯ ಪುಟ್ಟ ಸುಬಾರು ಇತ್ತು. ಗುಲಗಂಜಿ ಹುಳುವಿನಂತೆ ದುಂಡಗಿದ್ದದ್ದಕ್ಕೆ ಎಲ್ಲರೂ ಅದನ್ನು ಹುಳು ಎಂದೇ ಕರೆಯುತ್ತಿದ್ದರು. ಎಂಜಿನ್ನು ಹಿಂದೆ, ಒಳಗೆ ನಾಲ್ಕು ಜನ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂರಬೇಕು. ಮದುವೆಯಾದ ಹೊಸದರಲ್ಲಿ ಫುಸಾಳನ್ನು ಸಮುದ್ರ ನೋಡಲು ಕರೆದೊಯ್ದದ್ದು ಅದರಲ್ಲೇ. ಈಗ ಅದನ್ನು ಹೊಡೆದುಕೊಂಡು ಹೊರಟ. ಗಾಜಿಗೆ ಹಿಮ ಮೆತ್ತಿಕೊಳ್ಳುತ್ತಿತ್ತು. ಒರಸುವ ಕಡ್ಡಿ ಅಲ್ಲಾಡಿದಷ್ಟು ಸಲವೂ ಅವನ ತಲೆಯಲ್ಲಿ ಮೂರು, ಮೂರು, ಮೂರು ಎಂದೇ ಕೇಳುತ್ತಿತ್ತು.

ಚಹಾದಂಗಡಿಯ ಮುಂದೆ ಹುಳು ಸೋತು ನಿಂತಿತು. ಅಲ್ಲಿಂದಾಚೆ ದಾರಿಯ ಹಿಮವನ್ನು ಯಾರೂ ತೆಗೆದಿರಲಿಲ್ಲ. ಅಜ್ಜಿ ಗೋಡೆಯ ಮೇಲಿದ್ದ, ಕಾಲು ಹೂಳದಂತೆ ಕಟ್ಟಿಕೊಳ್ಳುವ ಬಿದಿರಿನ ಹಿಮಪಾದುಕೆ ತೆಗೆದುಕೊಟ್ಟಳು.

'ಯಾರಾದ್ರೂ ಸತ್ತರೇನಪ್ಪಾ?'

'ಇನ್ನೂ ಇಲ್ಲ ಅಜ್ಜಿ.'

ಹಿಮದ ಮೇಲೆ ಎರಡು ಗಾಡಿಗಳ ಜಾಡು ಸ್ಪಷ್ಟವಾಗಿತ್ತು. ಜೀಪಿನದು ಅಗಲ, ಆಳ, ಅಲ್ಲಲ್ಲಿ ಓಲಾಡಿದ್ದು. ವ್ಯಾನಿನದು ಸಣ್ಣದು. ಹಿಂದಿನ ಚಕ್ರ ಮುಂದಿನದರ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟು ಗೆರೆ ಎಳೆದಂತೆ ಹೋಗಿತ್ತು. ಬೇರೆ ದಿನವಾಗಿದ್ದರೆ ನಿಂತು ನೋಡಿ ಸಂತೋಷಪಡುತ್ತಿದ್ದ. ಈಗ ಅವನ ಕಣ್ಣು ಆ ಎರಡು ಗೆರೆಗಳ ನಡುವಿನ ಜಾಗದ ಮೇಲೇ ನೆಟ್ಟಿತ್ತು. ಶಾಫ್ಟು ಕಳಚಿದರೆ ಅಲ್ಲಿ ನೇಗಿಲು ಉತ್ತಂತೆ ಒಂದು ಸಾಲು ಬೀಳಬೇಕು. ಒಂದು ತಿರುವು ದಾಟಿದ, ಏನಿಲ್ಲ. ಎರಡನೆಯದು, ಏನಿಲ್ಲ. ಉಸಿರು ಎದೆಯಲ್ಲಿ ಕೊಯ್ಯುತ್ತಿತ್ತು. ಬೆವರು ಬೆನ್ನ ಮೇಲೇ ತಣ್ಣಗಾಗುತ್ತಿತ್ತು.

ಮೂರನೆಯ ತಿರುವಿನಲ್ಲಿ ಸಾಲು ಕಾಣಿಸಿತು.

ಗೆರೆಗಳ ನಡುವೆ, ಕೈಯಗಲ, ಹಾವು ಹರಿದಂತೆ. ಕಿಯೋಜಿ ಕೂತು ಅದರ ಆಳಕ್ಕೆ ಬೆರಳಿಟ್ಟು ನೋಡಿದ. ಫುಸಾಳಿಗೆ ಏನು ಹೇಳಲಿ? ಬೆಚ್ಚಗೆ ಕೂರಿಸಿ ಕೊಂದೆ ಎನ್ನಲೇ? ಎದ್ದು ಓಡಿದ, ಬಿದ್ದ, ಮತ್ತೆ ಓಡಿದ. ಮುಂದೆ ದಾರಿಯ ಬದಿಯಲ್ಲಿ ಹಿಮವೆಲ್ಲ ಕಲಕಿ ದೊಡ್ಡ ಹಳ್ಳ ಬಿದ್ದಿತ್ತು. ಹಣಕಿದ. ಒಳಗೆ ಏನೂ ಇರಲಿಲ್ಲ. ಹಳ್ಳದಲ್ಲಿದ್ದದ್ದು ಜೀಪಿನ ಚಕ್ರದ ಗುರುತು. ಅದು ಜಾರಿ ಇಳಿದಿತ್ತು. ವ್ಯಾನು ಅದನ್ನು ದಾಟಿ ತಿರುವಿನ ತನಕ ಹಿಂದಕ್ಕೆ ಬಂದು, ಹಗ್ಗ ಕಟ್ಟಿ, ಅದನ್ನು ಮೇಲೆಳೆದಿತ್ತು. ನಡುವಿನ ಸಾಲು ಆ ಹಗ್ಗ ಎಳೆದಾಡಿದ್ದು.

ಅವನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. 'ಹಾಳಾದ್ದು' ಎಂದು ಹಿಮಕ್ಕೆ ಒದ್ದು ಮುಂದೆ ನಡೆದ. ಜೀಪನ್ನು ಎಳೆದಿದೆಯೆಂದರೆ ಆ ಮೂರು ನಟ್ಟುಗಳ ಮೇಲೆ ಎಷ್ಟು ಭಾರ ಬಿದ್ದಿರಬೇಕು!

ಕೊನೆಯ ಕಂಬದ ಬಳಿ ಎರಡೂ ಗಾಡಿ ನಿಂತಿದ್ದವು. ಜೀಪಿನ ಚಾಲಕ ಕೈ ಕಂಕುಳಲ್ಲಿಟ್ಟುಕೊಂಡು ಕುಣಿಯುತ್ತಿದ್ದ. ಆಬಿಕೊ ವ್ಯಾನಿನೊಳಗೆ ಕೂತು ಅನ್ನದುಂಡೆ ತಿನ್ನುತ್ತಿದ್ದ. ಮಿನೋರು ಆಗಷ್ಟೇ ಕಂಬದಿಂದ ಇಳಿದು ಸೊಂಟದ ಪಟ್ಟಿ ಬಿಚ್ಚುತ್ತಿದ್ದ.

'ಭಾವ! ನೀನ್ಯಾಕೆ ಬಂದೆ? ನೋಡು ನನ್ನ ಕೈ, ಮುಟ್ಟಿ ನೋಡು, ಬನ್ನು ಇದ್ದ ಹಾಗಿದೆ! ಅಷ್ಟು ಬೆಚ್ಚಗೆ...'

ಕಿಯೋಜಿ ನೇರ ವ್ಯಾನಿನ ಕೆಳಗೆ ನುಸುಳಿದ. ಕತ್ತಲಲ್ಲಿ ಬೆರಳಾಡಿಸಿ ಎಣಿಸಿದ. ಒಂದು. ಎರಡು. ಮೂರು.

ನಾಲ್ಕು.

ಮತ್ತೊಮ್ಮೆ ಎಣಿಸಿದ. ನಾಲ್ಕೇ. ಅಲ್ಲೇ ಅಂಗಾತ ಮಲಗಿಬಿಟ್ಟ. ಹಾಗಾದರೆ ಜೇಬಿನದು ಬೇರೆ ಎಲ್ಲಿಯದೋ. ಕೆಲಸ ಹೋಯಿತು, ಮಾನ ಹೋಯಿತು, ಹೋಗಲಿ. ಈ ಬೆಟ್ಟದಿಂದ ಇಳಿದು ಓಗಾತಾನ ಕಾಲು ಹಿಡಿದರಾಯಿತು.

ಏಕೋ ಮನಸ್ಸು ತಡೆಯದೆ ಬೆಂಕಿಕಡ್ಡಿ ಗೀರಿದ. ಕೆಂಪು ಚುಕ್ಕೆ, ಕೆಂಪು ಚುಕ್ಕೆ, ಕೆಂಪು ಚುಕ್ಕೆ. ನಾಲ್ಕನೆಯದಕ್ಕೆ ಚುಕ್ಕೆ ಇಲ್ಲ. ಬೂದು ಬಣ್ಣ, ಸತುವಿನ ಲೇಪ. ವಿದ್ಯುತ್ ಕಂಬದ ನಟ್ಟು ಅದು! ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಕಳಿತ ಹಣ್ಣಿನಂತೆ ಕೈಗೇ ಬಂತು.

'ಮಿನೋರೂ!'

ಕೂಗಿಗೆ ಆಬಿಕೊನೂ ಕೆಳಗಿಳಿದ. ಹೊರಬಂದ ಕಿಯೋಜಿಯ ಮುಖ ಗ್ರೀಸಿನಿಂದ ಕಪ್ಪಾಗಿತ್ತು. 'ಯಾವನೋ ಇದನ್ನ ಹಾಕಿದ್ದು?'

ಮಿನೋರು ಸೊಂಟದ ಪಟ್ಟಿ ಕೈಯಲ್ಲಿ ಹಿಡಿದೇ ಮುಂದೆ ಬಂದ. 'ನಾನೇ ಭಾವ. ಚಹಾದಂಗಡಿ ಹತ್ರ ಕೆಳಗೆ ಕೈ ಹಾಕಿ ನೋಡಿದೆ. ಕಂಬ ಹತ್ತೋ ಮೊದಲು ಪಟ್ಟಿ ಮುಟ್ಟಿ ನೋಡ್ಕೊತೀವಲ್ಲ, ಹಾಗೆ. ಒಂದು ಇರ್ಲಿಲ್ಲ. ನನ್ನ ಚೀಲದಲ್ಲಿದ್ದದ್ದು ಹಾಕಿ ಬಿಗಿದೆ. ಬಿಗಿಯಾಗೇ ಕೂತಿತ್ತು!'

'ಬಿಗಿಯಾಗೇ ಕೂತ್ಕೊಳುತ್ತೆ ಕತ್ತೆ! ಇದರ ಒಳಗಿನ ಸುರುಳಿ, ಥ್ರೆಡ್ಡೇ ಬೇರೆ. ಎರಡು ಸುತ್ತು ಹೋಗಿ ಕಚ್ಕೊಂಡು ನಿಂತಿತ್ತು, ನೀನು ಬಿಗಿ ಅಂದ್ಕೊಂಡೆ, ಜೀಪು ಎಳೆದಾಗ ಬಿಟ್ಕೊಂಡಿದೆ. ಖಾಲಿ ಇದ್ದಿದ್ರೆ ಇಲ್ಲ ಅಂತ ಗೊತ್ತಾಗ್ತಿತ್ತು. ಇದೆ ಅಂತ ಧೈರ್ಯವಾಗಿ ಹೊಳೆಗೆ ಹೋಗ್ತಿದ್ಯಲ್ಲೋ! ಬಾಯಿರ್ಲಿಲ್ವಾ? ಒಂದು ಫೋನು ಮಾಡಕ್ಕೆ ಏನಾಗಿತ್ತು ನಿನಗೆ ದಾಡಿ?'

'ಇವರು ಪಕ್ಕದಲ್ಲೇ ನಿಂತಿದ್ರು' ಎಂದು ಮಿನೋರು ಆಬಿಕೊನ ಕಡೆ ಗಲ್ಲ ತಿರುಗಿಸಿದ. 'ನಿನ್ನ ಹೆಸರು ಹಾಳಾಗುತ್ತೆ ಅಂತ...'

ಆಬಿಕೊ ಅನ್ನದುಂಡೆ ಅಗಿಯುವುದನ್ನು ನಿಲ್ಲಿಸಿದ್ದ. 'ಯಾರು ಮರೆತದ್ದು?'

ಸುಳ್ಳು ಹೇಳಬಹುದಿತ್ತು. ಕಿಯೋಜಿಗೆ ಹೊಳೆಯಲೂ ಇಲ್ಲ. 'ನಾನು. ಫೋಟೋಗೆ ನಿಲ್ಲೋ ಚಪಲಕ್ಕೆ. ಕಾರಿಂದೇನೂ ತಪ್ಪಿಲ್ಲ, ನನ್ನ ತಪ್ಪು. ಬೇಡ ಅಂದ್ರೆ ಬೇಡ ಅನ್ನಿ. ಆದ್ರೆ ಇದನ್ನ ಹಾಕದೆ ಒಂದು ಗಾಡೀನೂ ಇಲ್ಲಿಂದ ಅಲ್ಲಾಡಲ್ಲ.'

ಮತ್ತೆ ವ್ಯಾನಿನ ಕೆಳಗೆ ನುಸುಳಿದ. ಬೋಲ್ಟಿನ ತುದಿ ಕಚ್ಚಿಹೋಗಿತ್ತು. ಮಿನೋರುವಿನ ಚೀಲದ ಸಣ್ಣ ಅರದಿಂದ ಉಜ್ಜಿ, ಉಸಿರು ಬಿಗಿಹಿಡಿದು, ಕಿಯೋಜಿ ತನ್ನ ನಟ್ಟನ್ನು ಏರಿಸಿದ. ಒಂದು ಸುತ್ತು ತಡೆಯಿತು. ಆಮೇಲೆ ಮೆತ್ತಗೆ ಒಳಗೆ ಓಡಿತು. ಸ್ಪ್ಯಾನರು ಇನ್ನು ಅಲ್ಲಾಡದೆ ನಿಲ್ಲುವವರೆಗೆ ಬಿಗಿದ. ಮಿನೋರುವನ್ನೂ ಕೆಳಗೆ ಎಳೆದ.

'ಬೆರಳಿಡು. ಜೋರಾಗಿ ಎಣಿಸು.'

'ಒಂದು. ಎರಡು. ಮೂರು. ನಾಲ್ಕು.'

'ಇನ್ನೊಂದ್ಸಲ.'

ಇಳಿಯುವಾಗ ಕಿಯೋಜಿ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ನೆಲದ ಮೇಲೆ ಕೂತು ಹಲಗೆಗೆ ಕಿವಿಯಿಟ್ಟ. ಜೀಪಿನಲ್ಲಿ ಚಾಲಕನೊಬ್ಬನನ್ನೇ ಬಿಟ್ಟು ಆಬಿಕೊ ಇದರಲ್ಲೇ ಮುಂದೆ ಕೂತಿದ್ದ. ಕಣಿವೆಯ ತಿರುವು ಬಂತು. ಮಿನೋರು ಗೇರು ಇಳಿಸಿದ. ಕೆಳಗೆ ಶಾಫ್ಟು ಗುಂಯ್ ಎಂದಿತು. ನಾಲ್ಕು ಚಕ್ರಗಳೂ ಹಿಮವನ್ನು ಕಚ್ಚಿದವು. ಕಿಟಕಿಯಲ್ಲಿ ಹೊಳೆ ಕಾಣಿಸಿ ಮರೆಯಾಯಿತು.

ಆ ವಿಮಾನದ್ದು ಏನಾಯಿತೆಂದು ಇಪ್ಪತ್ತಾರು ವರ್ಷವಾದರೂ ತಿಳಿದಿರಲಿಲ್ಲ. ಇನ್ನು ತಿಳಿಯುವುದೂ ಇಲ್ಲ. ಇದು ತಿಳಿಯಿತು.

'ಕಿಯೋಜಿ' ಎಂದು ಆಬಿಕೊ ಹಿಂದೆ ತಿರುಗದೆ ಕರೆದ. 'ಇದರ ಕೆಳಗೆ ಒಟ್ಟು ಎಷ್ಟು ನಟ್ಟಿದಾವೆ?'

'ನಾನು ಹಾಕಿದ ಹಿಂದಿನ ಭಾಗದಲ್ಲಾ? ಮೂವತ್ತೆಂಟು.'

'ಯಾವ್ಯಾವುದು ಎಲ್ಲಿ ಅಂತ ಬರೆದುಕೊಡು. ನನ್ನ ಹುಡುಗ್ರು ದಿನಾ ಬೆಳಿಗ್ಗೆ ಎಣಿಸಲಿ.' ಹೀಟರಿನ ಮುಂದೆ ಅಂಗೈ ಹಿಡಿದು ತಿರುಗಿಸಿದ. 'ಮೊದಲು ಬರೆದುಕೊಡು. ಆಮೇಲೆ ನೋಡೋಣ.'

ಕಿಯೋಜಿಯ ಒಂದು ಕೈ ಜೇಬಿನಲ್ಲಿತ್ತು. ಅಲ್ಲಿ ಕಂಬದ ನಟ್ಟು ತಣ್ಣಗೆ ಬಿದ್ದಿತ್ತು. ಅದು ಎಲ್ಲಿಯದೆಂದು ಚೆನ್ನಾಗಿ ಗೊತ್ತಿದ್ದರೂ ಬೆರಳು ಅದನ್ನು ಬಿಡಲೊಲ್ಲದೆ ತಿರುಗಿಸುತ್ತಲೇ ಇತ್ತು. ಮೂವತ್ತೆಂಟೋ, ಮೂವತ್ತೊಂಬತ್ತೋ ಎಂದು ಮತ್ತೆ ಮೊದಲಿನಿಂದ ಎಣಿಸತೊಡಗಿದ.