ಇಲ್ಲದ ಊರುಗಳ ಕಪ್ಪು

ಹೊಸಬರು ಎದುರಾದಾಗ ನಾವೆಲ್ಲ ‘ನಿಮ್ಮೂರು ಯಾವುದು?’ ಎಂದು ಕೇಳಿದರೆ, ಕರಿಬಸಪ್ಪನವರು ‘ನಿಮ್ಮೂರು ಐತೇನ್ರಿ?’ ಎಂದು ಕೇಳುತ್ತಾರೆ. ಹಾಸಿಗೆ ಹಿಡಿದ ಹಿರಿಯರೊಬ್ಬರ ಕ್ಷೇಮ ವಿಚಾರಿಸುವ ದನಿ ಅದು. ಪೀಣ್ಯದ ನಮ್ಮ ಕಾರ್ಖಾನೆಗೆ ನಾನು ಗುಣಮಟ್ಟ ಪರೀಕ್ಷಕನಾಗಿ ಸೇರಿದ ದಿನ ನನಗೂ ಅದೇ ಪ್ರಶ್ನೆ ಬಂತು. ಇದೆ ಎಂದೆ. ‘ಪುಣ್ಯವಂತ್ರು ಬಿಡ್ರಿ ಸರ’ ಎಂದು ಅವರು ತಮ್ಮ ಲೇತು ಯಂತ್ರದ ಕಡೆಗೆ ತಿರುಗಿಕೊಂಡರು.

ಅವರ ಊರು ಇಲ್ಲ. ಬಿಲ್ಲಗಟ್ಟಿ ಎಂಬ ಆ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷಗಳಾದವು. ಆದರೆ ಅವರ ನಡಿಗೆ ಇನ್ನೂ ಅಲ್ಲಿಯದೇ. ಕಾರ್ಖಾನೆಯಲ್ಲಿ ಎರಡು ಹಳದಿ ಪಟ್ಟೆಗಳ ನಡುವೆ ಓಡಾಡಲು ವಿಶಾಲವಾದ ದಾರಿಯಿದ್ದರೂ ಅವರು ಪಟ್ಟೆಯ ಮೇಲೆಯೇ, ಎರಡೂ ಬದಿಗೆ ಜೋಳ ನಿಂತಿರುವ ಬದುವಿನ ಮೇಲೆ ನಡೆದಂತೆ, ಒಂದು ಪಾದದ ಮುಂದೆ ಇನ್ನೊಂದು ಪಾದವನ್ನಿಟ್ಟು ನಡೆಯುತ್ತಾರೆ. ಏನೇ ಹೇಳಲಿ, ಕೊನೆಗೆ ‘ಹೌದಲ್ರಿ ಮತ್ತ’ ಎಂದು ತಮ್ಮ ಮಾತಿಗೆ ತಾವೇ ಒಪ್ಪಿಗೆ ಹಾಕಿಕೊಳ್ಳುತ್ತಾರೆ. ಕಂಪನಿ ಕೊಟ್ಟ ಬೂದುಬಣ್ಣದ ಕೋಟನ್ನು ಭಾನುವಾರವೂ ಬಿಚ್ಚುವುದಿಲ್ಲ. ಏಕೆಂದರೆ ಪಂದ್ಯವಿರುವ ಭಾನುವಾರ ಅವರು ಫುಟ್‌ಬಾಲ್ ರೆಫರಿ. ಒಂದು ಜೇಬಿನಲ್ಲಿ ಸೀಟಿ, ಇನ್ನೊಂದರಲ್ಲಿ ಯಾರದೋ ಲಗ್ನಪತ್ರಿಕೆಯಿಂದ ಕತ್ತರಿಸಿದ ಕೆಂಪು ಕಾರ್ಡು. ಅದರ ಮೇಲೆ ಅರ್ಧ ಗಣಪತಿ ಉಳಿದುಕೊಂಡಿರುವುದರಿಂದ, ಹೊರಗೆ ಹಾಕಿಸಿಕೊಂಡ ಆಟಗಾರನೂ ಎದುರಾಡದೆ ಹೊರಡುತ್ತಾನೆ.

ಈ ರೆಫರಿತನ ಶುರುವಾದದ್ದು ಒಂದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಜಗತ್ತು ದೇಶವೆಂದು ಒಪ್ಪದ ನಾಡುಗಳೆಲ್ಲ ಸೇರಿ ತಮ್ಮದೇ ಬಾವುಟ, ತಮ್ಮದೇ ನಾಡಗೀತೆಯೊಂದಿಗೆ ಬೇರೊಂದು ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿ ನಡೆಸುತ್ತವೆಂಬ ವೀಡಿಯೊ ನನ್ನ ಮೊಬೈಲಿನಲ್ಲಿ ಓಡುತ್ತಿತ್ತು. ಕರಿಬಸಪ್ಪನವರು ರೊಟ್ಟಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೊನೆಯವರೆಗೆ ನೋಡಿದರು. ‘ಅಂದ್ರ ಇವರ್ಯಾರ ಪರ್ಮಿಷನ್ನೂ ಕೇಳಂಗಿಲ್ಲೇನ್ರಿ?’ ಎಂದರು. ಇಲ್ಲ ಎಂದೆ. ‘ಆಡ್ತಾರ?’ ಆಡುತ್ತಾರೆ ಎಂದೆ. ‘ಹೌದಲ್ರಿ ಮತ್ತ’ ಎಂದು ರೊಟ್ಟಿ ಮುರಿದರು.

ಮುಂದಿನ ತಿಂಗಳಲ್ಲೇ ಇಲ್ಲದ ಊರುಗಳ ವಾರ್ಷಿಕ ಪಂದ್ಯಾವಳಿ ಆರಂಭವಾಯಿತು. ನಮ್ಮವರಿಗೆ ಕಬಡ್ಡಿ ಬರುತ್ತದೆ, ಅದನ್ನೇ ಆಡಿಸಿ ಎಂದರೆ ಕೇಳಲಿಲ್ಲ. ‘ಅವರು ಕಾಲ್ಚೆಂಡ ಆಡ್ತಾರ, ನಾವೂ ಅದನ್ನ ಆಡೂನು.’ ಕಾಗದಪತ್ರಗಳಲ್ಲಿ ಇನ್ನೂ ಊರೆನಿಸಿಕೊಳ್ಳದ ಯಾದಗಿರಿ ಕಡೆಯ ಒಂದು ತಾಂಡಾ, ಕ್ವಾರಿ ಮುಚ್ಚಿದ ಮೇಲೆ ಚದುರಿಹೋದ ಒಂದು ಕಲ್ಲುಕುಟಿಗರ ಕೇರಿ, ಕಾರ್ಖಾನೆಗಳ ಅಡಿಯಲ್ಲಿ ಹೂತುಹೋದ ಮಾಕಳಿ ಹತ್ತಿರದ ಹುಣಸೇಹಟ್ಟಿ, ಇವು ತಂಡಗಳು. ಹುಣಸೇಹಟ್ಟಿಯ ನರಸಿಂಹಯ್ಯ ಬಾಗಲಗುಂಟೆಯಲ್ಲಿ ಕರಿಬಸಪ್ಪನವರಿಗೆ ಮನೆ ಬಾಡಿಗೆಗೆ ಕೊಟ್ಟವರು. ಮಾರಾಟವಾಗದೆ ಉಳಿದ ತಮ್ಮ ಖಾಲಿ ಜಾಗವನ್ನೇ ಮೈದಾನಕ್ಕೆ ಬಿಟ್ಟುಕೊಟ್ಟರು. ಗೆದ್ದವರಿಗೆ ಕೊಡುವ ಕಪ್ಪನ್ನು ಕರಿಬಸಪ್ಪನವರೇ ಲೇತಿನಲ್ಲಿ ಕಡೆದರು. ಅದು ಅಳತೆ ಕೂಡಲಿಲ್ಲವೆಂದು ನಾನೇ ತಿರಸ್ಕರಿಸಿದ್ದ ಹಿತ್ತಾಳೆಯ ತುಂಡು. ‘ರಿಜೆಕ್ಟ್ ಆದದ್ದ ಬೇಕ್ರಿ ಇದಕ್ಕ’ ಎಂದು ಮೇಲಿನವರನ್ನು ಕೇಳಿ ಪಡೆದಿದ್ದರು.

ಅವರ ನಿಯಮಗಳು ಎರಡೇ. ಪಂದ್ಯಕ್ಕೆ ಮುಂಚೆ ಪ್ರತಿ ತಂಡವೂ ತನ್ನ ಊರಿನ ಹಿಡಿ ಮಣ್ಣನ್ನು ಮೈದಾನದ ನಡುವೆ ಹಾಕಬೇಕು. ಆಡುವ ಹನ್ನೊಂದು ಜನರೂ ಆ ಊರಿನ ನೀರು ಕುಡಿದಿರಬೇಕು. ಹುಣಸೇಹಟ್ಟಿಯ ತರುಣರು ಹುಟ್ಟಿದಾಗಿನಿಂದ ಕ್ಯಾನ್ ನೀರಿನವರು ಎಂದು ತಿಳಿದಾಗ, ಹಳೆಯ ಊರಿನಿಂದ ಉಳಿದಿದ್ದ ಒಂದೇ ಕೈಪಂಪಿಗೆ ಅವರನ್ನೆಲ್ಲ ಕರೆದೊಯ್ದು ಎದುರಿಗೆ ನಿಂತು ಒಂದೊಂದು ಬೊಗಸೆ ಕುಡಿಸಿದರು. ‘ಏನ್ ಗುರು, ಪೋಲಿಯೋ ಡ್ರಾಪ್ಸ್ ಹಾಕಿದ್ ಹಾಗೆ ಹಾಕ್ತಾವ್ರಲ್ಲ’ ಎಂದು ಹುಡುಗರು ಗೊಣಗಿದರು.

ಬಿಲ್ಲಗಟ್ಟಿ ಮಾತ್ರ ಒಮ್ಮೆಯೂ ಕಣಕ್ಕಿಳಿದಿರಲಿಲ್ಲ. ಆ ಊರಿನವರು ಜಿಗಣಿ, ಪುಣೆ, ಗೋವೆಗಳಿಗೆ ಹಂಚಿಹೋಗಿದ್ದರು. ಒಂದು ವರ್ಷ ಎಂಟು ಜನ, ಇನ್ನೊಂದು ವರ್ಷ ಒಂಬತ್ತು. ಇದ್ದವರನ್ನೇ ಆಡಿಸಿ ಎಂದರೆ, ‘ಕಡಿಮಿ ಬಿದ್ದ ಮಂದೀನ ನಿಲ್ಲಿಸಿ ಇದ ನಮ್ಮೂರು ಅಂದ್ರ, ಊರಿಲ್ಲ ಅಂದವರ ಮಾತ ಖರೇ ಆಗ್ತೈತ್ರಿ’ ಎನ್ನುತ್ತಿದ್ದರು. ಮುಳುಗಿದ ಊರಿಗೆ ಮಣ್ಣೆಲ್ಲಿಯದು? ಪುನರ್ವಸತಿ ಕೇಂದ್ರದಲ್ಲಿರುವ ಅವರ ತಂಗಿ ಈಶ್ವರಮ್ಮ ಪ್ರತಿ ವರ್ಷ ರೊಟ್ಟಿಯ ಗಂಟಿನ ಜೊತೆ ಒಂದು ಬಾಟಲಿ ಹಿನ್ನೀರನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು. ಆ ಬಾಟಲಿ ಪಂದ್ಯದ ದಿನವಿಡೀ ಮೈದಾನದ ಅಂಚಿನ ಮೇಜಿನ ಮೇಲೆ ಕುಳಿತು, ಸಂಜೆ ಮುಚ್ಚಳ ತೆಗೆಯದೆಯೇ ಮನೆಗೆ ಹೋಗುತ್ತಿತ್ತು.

ಈ ವರ್ಷ ಹನ್ನೊಂದು ಜನ ಒಪ್ಪಿದ್ದರು. ಆ ವಾರವೆಲ್ಲ ಕರಿಬಸಪ್ಪನವರು ಹಳದಿ ಪಟ್ಟೆಯ ಮೇಲೆ ಸ್ವಲ್ಪ ಬೇಗ ಬೇಗ ನಡೆದರು. ಆದರೆ ಭಾನುವಾರ ಬೆಳಗ್ಗೆ ಹುಣಸೇಹಟ್ಟಿಯವರು ಎದುರಿಗೆ ಬಂದು ನಿಂತಾಗ ಫೋನ್ ಬಂತು. ಜಿಗಣಿಯಿಂದ ಬರಬೇಕಿದ್ದ ಸಿದ್ರಾಮನಿಗೆ ಕೆಲಸದಲ್ಲಿ ಓವರ್‌ಟೈಮ್ ಬಿದ್ದಿತ್ತು.

‘ನಮ್ಮೋನ್ ಒಬ್ಬನ್ನ ಹಾಕ್ಕೊಳ್ಳಿ, ಯಾರ್ ನೋಡ್ತಾರೆ?’ ಎಂದರು ನರಸಿಂಹಯ್ಯ.

‘ನಾ ನೋಡ್ತೀನಲ್ರಿ’ ಎಂದರು ಕರಿಬಸಪ್ಪನವರು. ಸೀಟಿಯನ್ನು ಜೇಬಿಗೆ ಹಾಕಿಕೊಂಡರು.

ಆಗ ಅವರ ಮಗಳು ಶೈಲಶ್ರೀ ಮುಂದೆ ಬಂದಳು. ಬಿ.ಕಾಂ. ಓದುವವಳು, ಕಾಲೇಜು ತಂಡದ ಗೋಲ್‌ಕೀಪರ್. ‘ಅಪ್ಪಾ, ನಾ ನಿಲ್ತೀನಿ.’

‘ನೀ ಇಲ್ಲೇ ಹುಟ್ಟಿದಾಕಿ. ಊರ ನೀರ ಕುಡದಿಲ್ಲ.’

‘ಬಾಟ್ಲಿಯೊಳಗ ಏನೈತಿ ಮತ್ತ?’

‘ಅದು ಊರ ನೀರಲ್ಲ ಯವ್ವಾ. ಊರ ನುಂಗಿದ ನೀರು.’

‘ನಿಮ್ಮೂರಿಲ್ಲ ಅಂತ ಸರ್ಕಾರ ನಿನಗ ಹೇಳ್ತು. ನೀ ನನಗ ಹೇಳಾಕತ್ತಿ’ ಎಂದಳು ಅವಳು. ಮೇಜಿನ ಮೇಲಿನ ಬಾಟಲಿ ತೆಗೆದುಕೊಂಡು, ಮುಚ್ಚಳ ತಿರುಚಿ, ಎಲ್ಲರೂ ನೋಡುತ್ತಿದ್ದಂತೆ ಗಟಗಟನೆ ಅರ್ಧ ಕುಡಿದಳು. ‘ಊರನ್ನ ನೀರು ನುಂಗ್ತು, ನೀರನ್ನ ನಾ ನುಂಗೀನಿ. ಈಗ ಊರು ಎಲ್ಲೈತಿ, ಹೇಳು.’

ಕರಿಬಸಪ್ಪನವರ ಬಾಯಿ ‘ಹೌ’ ಎಂಬಷ್ಟಕ್ಕೆ ತೆರೆದು ನಿಂತಿತ್ತು. ನರಸಿಂಹಯ್ಯನವರೇ ಮೊದಲು ನಕ್ಕದ್ದು. ‘ನಮ್ಮುಡುಗ್ರು ಒಂದು ಬೊಗಸೆ ಕುಡಿಯಕ್ಕೆ ಮುಖ ಕಿವುಚಿದ್ರು ಕಣ್ರೀ. ಈ ಯಮ್ಮ ಅರ್ಧ ಊರನ್ನೇ ಕುಡಿದವ್ಳೆ! ಆಡಿಸ್ರಿ ಅತ್ಲಾಗೆ!’

ಕರಿಬಸಪ್ಪನವರು ಮಗಳ ಕೈಯಿಂದ ಬಾಟಲಿ ಇಸಿದುಕೊಂಡರು. ಬದುವಿನ ಮೇಲಿನ ಅದೇ ನಡಿಗೆಯಲ್ಲಿ ಸುಣ್ಣದ ಗೆರೆಯ ಮೇಲೆ ನಡೆದು ಮೈದಾನದ ನಡುವೆ ನಿಂತು, ಹುಣಸೇಹಟ್ಟಿಯ ಮಣ್ಣಿನ ಮೇಲೆಯೇ ಉಳಿದರ್ಧ ನೀರನ್ನು ಸುರಿದರು. ‘ಹೌದಲ್ರಿ ಮತ್ತ’ ಎಂದರು, ಯಾರಿಗೆಂದು ಗೊತ್ತಾಗಲಿಲ್ಲ. ಆಮೇಲೆ ಸೀಟಿ ಊದಿದರು.

‘ಲೋ ಮಗಾ, ಹುಡ್ಗಿ ಕೈಗೆ ಬಾಲ್ ಕೊಟ್ರೆ ಮಾನ ಹೋಯ್ತದೆ’ ಎಂದು ಕೂಗಿಕೊಂಡೇ ಬಂದ ಹುಣಸೇಹಟ್ಟಿಯವರ ಮಾನ ಅಂದು ಹಲವು ಸಲ ಹೋಯಿತು. ಆದರೂ ಮೂರು ಗೋಲುಗಳು ಒಳಗೆ ಬಿದ್ದವು. ಬಿಲ್ಲಗಟ್ಟಿಯ ಉಳಿದ ಹತ್ತು ಜನರಲ್ಲಿ ಹೆಚ್ಚಿನವರಿಗೆ ಚೆಂಡು ಯಾವ ಕಡೆ ಒದೆಯಬೇಕೆಂಬುದೇ ಅರ್ಧ ಆಟ ಕಳೆದ ಮೇಲೆ ತಿಳಿಯಿತು. ಸೋತ ತಂಡದ ರೆಫರಿ ಅಷ್ಟು ಸಂತೋಷದಿಂದ ಕೊನೆಯ ಸೀಟಿ ಊದಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಗೋಲು ಬರೆಯುವ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ತಾವೇ ‘ಬಿಲ್ಲಗಟ್ಟಿ’ ಎಂದು ಬರೆದು, ಅದರ ಮುಂದೆ ದುಂಡಗೆ ಸೊನ್ನೆ ಸುತ್ತಿ, ಹಿಂದೆ ಸರಿದು ನಿಂತು ನೋಡಿದರು. ‘ಸೊನ್ನಿ ಆದ್ರೇನ್ರಿ ಸರ, ಹೆಸರ ಮುಂದ ಐತಲ್ಲ.’

ಮರುದಿನ ಹೊಸದಾಗಿ ಸೇರಿದ ಮರೆಪ್ಪನೆಂಬ ಹೆಲ್ಪರ್‌ಗೆ ವಾಡಿಕೆಯ ಪ್ರಶ್ನೆ ಬಿತ್ತು. ಅವನು ತಬ್ಬಿಬ್ಬಾಗಿ, ‘ಐತೆ ಅಣ್ಣ. ನಿಮ್ದು?’ ಎಂದು ತಿರುಗಿ ಕೇಳಿದ. ಲೇತು ನಿಲ್ಲಿಸದೆಯೇ ಕರಿಬಸಪ್ಪನವರು ಹೇಳಿದರು: ‘ಐತಿ. ಗೋಲ್‌ಕೀಪರ್ ಬಾಳ ಛಲೋ ಅದಾಳ.’

ಇಂಥವರು ನಮ್ಮ ಕೈಗಾರಿಕಾ ಪ್ರದೇಶಗಳ ಬಾಡಿಗೆ ಕೋಣೆಗಳಲ್ಲಿ ಅನೇಕರಿದ್ದಾರೆ. ಕಳೆದುಹೋದದ್ದಕ್ಕೆ ಅವರು ಅಳುವುದಿಲ್ಲ. ಅದಕ್ಕೊಂದು ನಿಯಮ ಮಾಡಿ, ಬೇಲಿ ಕಟ್ಟಿ, ತಾವೇ ಕಾವಲು ನಿಲ್ಲುತ್ತಾರೆ. ಕಾವಲು ಬಿಗಿಯಾದಷ್ಟೂ ಊರು ಗಟ್ಟಿ ಎಂಬುದು ಅವರ ನಂಬಿಕೆ. ಒಳಗೆ ಯಾರೂ ಉಳಿದಿಲ್ಲವೆಂಬುದು ಅವರ ಗಮನಕ್ಕೆ ಬರುವುದು ತಡವಾಗಿ, ಹೊರಗಿನಿಂದ ಮನೆಮಕ್ಕಳೇ ಬೇಲಿ ಹಾರಿ ಬಂದಾಗ. ಅವರ ದೊಡ್ಡತನವಿರುವುದು ಆಮೇಲಿನ ಗಳಿಗೆಯಲ್ಲಿ: ಹಾರಿ ಬಂದವರನ್ನು ಅವರು ಬೈಯುವುದಿಲ್ಲ, ಸೀಟಿ ಊದಿ ಆಟ ಶುರು ಮಾಡುತ್ತಾರೆ.